ಸಿಗ್ನಲ್ ಸಿಗುವ ತಿರುವಿನಲ್ಲಿ ಒಬ್ಬ ಸೈಕಲ್ ಸವಾರ

ಮಡಿಕೇರಿಯಿಂದ ಸಂಪಾಜೆ ಕಡೆಗೆ ಘಾಟಿ ಇಳಿದವರಿಗೆ ಇದು ಗೊತ್ತಿರುತ್ತದೆ. ಕಣಿವೆಯೊಳಗೆ ಕೆಲವು ಕಡೆ ಮೊಬೈಲ್ ಸತ್ತಂತೆ ಬಿದ್ದಿರುತ್ತದೆ. ಯಾವುದೋ ತಿರುವು ಕಳೆದು ಸಿಗ್ನಲ್ ಸಿಕ್ಕಿದ ಕೂಡಲೇ ತಡೆದು ನಿಂತಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಒಂದರ ಹಿಂದೆ ಒಂದು ಟಿಂಗ್ ಟಿಂಗ್ ಸದ್ದು. ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ, ಕೈಯ ಹಿಂದೆ ಕಣ್ಣೂ ಹೋಗುತ್ತದೆ. ನಮ್ಮಲ್ಲಿ ಸಿಗ್ನಲ್ ಸಿಗುವ ಜಾಗ ಎಷ್ಟೋ ಸಲ ಏರಿನ ತುದಿ, ಇಲ್ಲವೇ ಬೆಟ್ಟದ ಬದಿ ಬಿಟ್ಟು ಬಯಲಿಗೆ ತೆರೆದುಕೊಳ್ಳುವ ತಿರುವು. ಚಾಲಕನ ಕಣ್ಣು ರಸ್ತೆ ಬಿಟ್ಟು ಅಲ್ಲಾಡಬಾರದ ಜಾಗವೂ ಅದೇ.

ನಾನು ಈ ಜಿಲ್ಲೆಯಲ್ಲಿ ಕಾರೂ ಓಡಿಸುತ್ತೇನೆ, ಸೈಕಲ್ಲೂ ತುಳಿಯುತ್ತೇನೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಏರು ಹತ್ತುತ್ತಿದ್ದೆ. ಹಿಂದಿನಿಂದ ಬಂದ ಕಾರಿನ ಕನ್ನಡಿ ಮೊಣಕೈಗೆ ಬಡಿಯಿತು. ಸೈಕಲ್ ಸಮೇತ ಚರಂಡಿಗೆ ಬಿದ್ದೆ. ಕಾರು ಸ್ವಲ್ಪ ಮುಂದೆ ಹೋಗಿ ನಿಂತಿತು. ಇಪ್ಪತ್ತೈದರ ಆಸುಪಾಸಿನ ಹುಡುಗ ಓಡಿ ಬಂದ. ಮುಖ ಬಿಳುಚಿಕೊಂಡಿತ್ತು. 'ಸಾರಿ ಅಂಕಲ್, ಹೋಂಸ್ಟೇ ಲೊಕೇಶನ್ ನೋಡ್ತಿದ್ದೆ' ಅಂದ. ನನ್ನನ್ನು ಎತ್ತಿ ಕೂರಿಸಿದ, ನೀರು ಕೊಟ್ಟ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಅಂದ. ಮಣಿಕಟ್ಟು ಊದಿತ್ತು, ಅಷ್ಟೇ. 'ಹೋಗಪ್ಪಾ, ಇನ್ನು ಮೇಲಾದರೂ ನೋಡಿಕೊಂಡು ಓಡಿಸು' ಅಂತ ಕಳಿಸಿಬಿಟ್ಟೆ.

ಆಮೇಲೆ ಆ ಹುಡುಗನ ಬಗ್ಗೆ ತುಂಬಾ ಯೋಚಿಸಿದ್ದೇನೆ. ಅವನಿಗೆ ಏನು ಶಿಕ್ಷೆ ಆಗಬೇಕಿತ್ತು? ಚರಂಡಿಯ ಕಲ್ಲಿಗೆ ನನ್ನ ತಲೆ ಬಡಿದಿದ್ದರೆ ಏನಾಗಬೇಕಿತ್ತು? ಎರಡೂ ಸಲ ಅವನು ಮಾಡಿದ ಕೆಲಸ ಒಂದೇ ಅಲ್ವಾ? ಈ ಲೇಖನ ಆ ಪ್ರಶ್ನೆಯ ಸುತ್ತಲೇ ಇದೆ.

ಕೊಡಗಿನಲ್ಲಿ ಸೈಕಲ್ ಎಲ್ಲಿದೆ ಅಂತ ಕೆಲವರು ಕೇಳುತ್ತಾರೆ. ಏರು ತಗ್ಗಿನ ಜಿಲ್ಲೆ, ನಿಜ. ಆದರೆ ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ ಕಡೆಗೆ ನೆಲ ಸಮತಟ್ಟು. ಗೋಣಿಕೊಪ್ಪ, ಪೊನ್ನಂಪೇಟೆ ಸುತ್ತ ಗದ್ದೆ ಬಯಲು ಇದೆ. ಅಲ್ಲಿ ಶಾಲೆಗೆ ಹೋಗುವ ಮಕ್ಕಳು, ಹಾಲು ಹಾಕಲು ಹೋಗುವವರು, ಗಾರೆ ಕೆಲಸದವರು ಈಗಲೂ ಸೈಕಲ್ ತುಳಿಯುತ್ತಾರೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕೆಲಸದವರ ಲೈನ್‌ಮನೆಗಳಿಂದ ಸಂತೆಗೆ ಹೋಗುವವರಲ್ಲಿ ಸೈಕಲ್ ತಳ್ಳಿಕೊಂಡು ಹೋಗುವವರಿದ್ದಾರೆ. ಬೆಂಗಳೂರು, ಮೈಸೂರಿನಿಂದ ಹೆಲ್ಮೆಟ್ ಹಾಕಿಕೊಂಡು ಗೇರ್ ಸೈಕಲ್‌ನಲ್ಲಿ ಬರುವವರು ಇತ್ತೀಚೆಗೆ ಜಾಸ್ತಿಯಾಗಿದ್ದಾರೆ. ಅಪಘಾತ ಆದಾಗ ಸುದ್ದಿಯಾಗುವುದು ಹೆಚ್ಚಾಗಿ ಈ ಕೊನೆಯವರು. ದಿನಾ ಅದೇ ರಸ್ತೆಯಲ್ಲಿ ಲೈಟಿಲ್ಲದ ಹಳೇ ಸೈಕಲ್ ತುಳಿಯುವ ಕೂಲಿಯವನ ಬಗ್ಗೆ ನಾವು ಮಾತಾಡುವುದೇ ಕಡಿಮೆ.

ಈ ಜಿಲ್ಲೆಗೆ ರೈಲಿಲ್ಲ. 2011ರ ಜನಗಣತಿಯಲ್ಲಿ ಐದೂವರೆ ಲಕ್ಷದಷ್ಟಿದ್ದ ಊರಿನವರೂ, ವರ್ಷಕ್ಕೆ ಅದರ ಹಲವು ಪಟ್ಟು ಬರುವ ಪ್ರವಾಸಿಗರೂ ಇದೇ ರಸ್ತೆಗಳನ್ನೇ ಹಂಚಿಕೊಳ್ಳಬೇಕು. ರಸ್ತೆ ಹೇಗಿದೆ ನೋಡಿ. ಟಾರು ಮುಗಿದಲ್ಲಿ ಚರಂಡಿ, ಚರಂಡಿ ಮುಗಿದಲ್ಲಿ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಇನ್ನೊಂದು ಬದಿ ಪ್ರಪಾತವೋ ತೋಟದ ಬೇಲಿಯೋ ಇರುತ್ತದೆ. ಸೈಕಲ್ ಸವಾರ ಪಕ್ಕಕ್ಕೆ ಸರಿಯಲು ಮಣ್ಣಿನ ಅಂಚೇ ಇಲ್ಲ. ಏರು ಹತ್ತುವಾಗ ಸೈಕಲ್ ನೇರವಾಗಿ ಹೋಗುವುದೂ ಇಲ್ಲ. ಪೆಡಲ್ ಒತ್ತಿದಂತೆ ಎಡಕ್ಕೂ ಬಲಕ್ಕೂ ವಾಲುತ್ತದೆ. ಅದು ಸವಾರನ ತಪ್ಪಲ್ಲ, ನಿಧಾನಕ್ಕೆ ಏರು ಹತ್ತುವ ಎರಡು ಗಾಲಿಯ ಸ್ವಭಾವ. ಆ ವಾಲಾಟಕ್ಕೆ ಜಾಗ ಬಿಟ್ಟು ದಾಟುವುದು ಕಾರಿನವನ ಕೆಲಸ. ಜರ್ಮನಿಯಲ್ಲಿ ಊರೊಳಗೆ ಸೈಕಲ್ ದಾಟುವಾಗ ಕನಿಷ್ಠ ಒಂದೂವರೆ ಮೀಟರ್, ಊರ ಹೊರಗೆ ಎರಡು ಮೀಟರ್ ಅಂತರ ಬಿಡಬೇಕು ಅಂತ 2020ರಲ್ಲಿ ನಿಯಮಕ್ಕೇ ಬರೆದಿದ್ದಾರೆ. ನಮ್ಮಲ್ಲಿ ಅದು ಚಾಲಕನ ಅಂದಾಜಿಗೆ ಬಿಟ್ಟಿದ್ದು. ಅಂದಾಜು ಮಾಡಬೇಕಾದರೆ ಮೊದಲು ಸೈಕಲ್ ಕಣ್ಣಿಗೆ ಬೀಳಬೇಕು.

ಕಣ್ಣಿಗೆ ಬೀಳುವುದು ಇಲ್ಲಿ ಸುಲಭವಲ್ಲ. ಜೂನ್‌ನಿಂದ ಮಂಜು, ಮಳೆ. ಬೇಸಿಗೆಯಲ್ಲಿ ಸಿಲ್ವರ್ ಓಕ್ ಮರಗಳ ಮಧ್ಯೆ ಬಿಸಿಲು ಚೂರು ಚೂರಾಗಿ ಟಾರಿನ ಮೇಲೆ ಬೀಳುತ್ತದೆ. ಬೆಳಕಿನಿಂದ ನೆರಳಿಗೆ ನುಗ್ಗಿದ ಕಣ್ಣಿಗೆ ಒಂದು ಕ್ಷಣ ಏನೂ ಕಾಣುವುದಿಲ್ಲ. ಕಪ್ಪು ಸ್ವೆಟರ್ ಹಾಕಿದ ಸವಾರ ಆ ಚುಕ್ಕೆ ಚುಕ್ಕೆ ನೆರಳಿನಲ್ಲಿ ಕರಗಿಯೇ ಹೋಗುತ್ತಾನೆ. ರಸ್ತೆಯನ್ನೇ ನೋಡುತ್ತಿರುವವನಿಗೂ ಕಷ್ಟ. ಫೋನಿನ ಹೊಳೆಯುವ ಪರದೆಯಿಂದ ಕಣ್ಣೆತ್ತಿದವನಿಗೆ ಇನ್ನೂ ಕಷ್ಟ.

ಲೆಕ್ಕ ಹಾಕಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಮೂರು ಸೆಕೆಂಡ್ ಮ್ಯಾಪ್ ನೋಡಿದರೆ 42 ಮೀಟರ್ ಕುರುಡಾಗಿ ಓಡಿದಂತೆ. ನಮ್ಮ ಘಾಟಿಯ ಎಷ್ಟೋ ತಿರುವುಗಳಲ್ಲಿ ಮುಂದಿನ 42 ಮೀಟರ್ ರಸ್ತೆ ಕಾಣುವುದೇ ಇಲ್ಲ. ಫೋನ್ ಬಳಸುತ್ತಾ ಓಡಿಸುವವರು ಅಪಘಾತಕ್ಕೆ ಸಿಲುಕುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡರೆ ಅಪಾಯ ಹೆಚ್ಚೇನೂ ತಗ್ಗುವುದಿಲ್ಲ ಅಂತಲೂ ಅದು ಹೇಳುತ್ತದೆ. ಕೈ ಬಿಡುವಾಗಿದ್ದರೂ ತಲೆ ಬಿಡುವಾಗಿರುವುದಿಲ್ಲ. ಮಾತಿನಲ್ಲಿ ಮುಳುಗಿದವನು ಎದುರಿಗೆ ನೋಡುತ್ತಲೇ ಇರುತ್ತಾನೆ, ಆದರೆ ನೋಡಿದ್ದು ಮನಸ್ಸಿಗೆ ಇಳಿದಿರುವುದಿಲ್ಲ. 'ನಾನು ರಸ್ತೆನೇ ನೋಡ್ತಿದ್ದೆ, ಸೈಕಲ್ ಎಲ್ಲಿಂದ ಬಂತೋ ಗೊತ್ತಾಗ್ಲಿಲ್ಲ' ಅನ್ನುವ ಚಾಲಕ ಎಷ್ಟೋ ಸಲ ಸುಳ್ಳು ಹೇಳುತ್ತಿರುವುದಿಲ್ಲ.

ಈಗ ಕಾನೂನಿಗೆ ಬರೋಣ.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಜನರ ಬಾಯಲ್ಲಿ ಇನ್ನೂ 279, 304ಎ ಅಂತಲೇ ಇದೆ. ಹಳೆಯ 304ಎ ಅಡಿ, ನಿರ್ಲಕ್ಷ್ಯದಿಂದ ಸಾವಾದರೆ ಹೆಚ್ಚೆಂದರೆ ಎರಡು ವರ್ಷ ಜೈಲಿತ್ತು. ಈಗಿನ 106(1)ರಲ್ಲಿ ಅದು ಐದು ವರ್ಷದವರೆಗೆ ಏರಿದೆ. ಸಾವಿಲ್ಲದೆ ಗಾಯವಾದರೆ 125ನೇ ಸೆಕ್ಷನ್: ಸಣ್ಣ ಗಾಯಕ್ಕೆ ಆರು ತಿಂಗಳವರೆಗೆ, ತೀವ್ರ ಗಾಯಕ್ಕೆ ಮೂರು ವರ್ಷದವರೆಗೆ. ಯಾರಿಗೂ ಏನೂ ಆಗದಿದ್ದರೂ ಅಪಾಯಕಾರಿಯಾಗಿ ಓಡಿಸಿದ್ದಕ್ಕೆ 281 ಇದೆ. ಅದು ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದರ ಜೊತೆಗೆ ಮೋಟಾರು ವಾಹನ ಕಾಯ್ದೆಯ 184 ಇದೆ. 2019ರ ತಿದ್ದುಪಡಿಯಲ್ಲಿ, ಕೈಯಲ್ಲಿ ಫೋನ್ ಹಿಡಿದು ಓಡಿಸುವುದೇ ಅಪಾಯಕಾರಿ ಚಾಲನೆ ಅಂತ ಇದರಲ್ಲಿ ಬಿಡಿಸಿ ಬರೆದರು. ಮೊದಲ ತಪ್ಪಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. 2020ರ ಅಕ್ಟೋಬರ್‌ನಿಂದ ಒಂದು ವಿನಾಯಿತಿ ಇದೆ. ದಾರಿ ನೋಡುವುದಕ್ಕೆ ಮಾತ್ರ ಫೋನ್ ಬಳಸಬಹುದು, ಅದೂ ಚಾಲಕನ ಗಮನ ಕೆಡದಂತೆ. ನನಗೆ ಗುದ್ದಿದ ಹುಡುಗ ಲೊಕೇಶನ್ನೇ ನೋಡುತ್ತಿದ್ದ. ಆದರೆ ಈ ವಿನಾಯಿತಿ ಅವನ ನೆರವಿಗೆ ಬರುವುದಿಲ್ಲ. ಗಮನ ಕೆಟ್ಟಿತ್ತು ಅನ್ನುವುದಕ್ಕೆ ನನ್ನ ಮೊಣಕೈಯೇ ಸಾಕ್ಷಿ.

ಇಷ್ಟೆಲ್ಲ ಇದ್ದೂ ರಸ್ತೆಯಲ್ಲಿ ಹೆದರಿಕೆ ಯಾಕಿಲ್ಲ? ನನಗೆ ಕಾಣುವುದು ಇದು. ನಮ್ಮ ಕಾನೂನಿನ ಭಾರವೆಲ್ಲ ಅಪಘಾತ ಆದ ಮೇಲೆ ಬೀಳುತ್ತದೆ, ಅಪಘಾತಕ್ಕೆ ಮುಂಚೆ ಅಲ್ಲ. ಘಾಟಿ ಇಳಿಯುತ್ತಾ ನೂರು ಜನ ಫೋನ್ ನೋಡುತ್ತಾರೆ. ತೊಂಬತ್ತೊಂಬತ್ತು ಜನರ ಎದುರಿಗೆ ಆ ಮೂರು ಸೆಕೆಂಡಿನಲ್ಲಿ ಯಾರೂ ಬರುವುದಿಲ್ಲ. ಅವರು ಹೋಂಸ್ಟೇ ಮುಟ್ಟಿ ಕಾಫಿ ಕುಡಿಯುತ್ತಾರೆ. ನೂರನೆಯವನ ಎದುರಿಗೆ ಒಬ್ಬ ಸೈಕಲ್ ಸವಾರ ಇರುತ್ತಾನೆ. ಅವನು ಐದು ವರ್ಷದ ಸೆಕ್ಷನ್ ಹೊತ್ತು ಕೋರ್ಟಿಗೆ ಅಲೆಯುತ್ತಾನೆ. ನೂರೂ ಜನರ ತಪ್ಪು ಒಂದೇ. ಬೇರೆಯಾಗಿದ್ದು ಅದೃಷ್ಟ ಮಾತ್ರ.

ಹಾಗಂತ ಸಾವಿಗೂ ಗೀರಿಗೂ ಒಂದೇ ಶಿಕ್ಷೆ ಕೊಡಿ ಅಂತ ನಾನು ಹೇಳುತ್ತಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು 'ಅದೃಷ್ಟ ಕೆಟ್ಟಿತ್ತಮ್ಮ' ಅಂತ ಹೇಳಲು ಯಾರಿಗೂ ಆಗುವುದಿಲ್ಲ, ಹೇಳಲೂಬಾರದು. ಹೋದ ಜೀವಕ್ಕೆ ಕೋರ್ಟು ಲೆಕ್ಕ ಕೇಳಲೇಬೇಕು. ಪಂಜಾಬಿನ ಒಂದು ಪ್ರಕರಣದಲ್ಲಿ ಅಜಾಗರೂಕ ಚಾಲನೆಯಿಂದ ಇಬ್ಬರು ಸತ್ತಿದ್ದರು. ಕೆಳಗಿನ ಕೋರ್ಟು ಒಂದು ವರ್ಷ ಜೈಲು ಕೊಟ್ಟಿತ್ತು. ಪರಿಹಾರದ ಹಣ ಕೊಟ್ಟಿದ್ದನ್ನು ನೋಡಿ ಹೈಕೋರ್ಟು ಅದನ್ನು ಆಗಲೇ ಅನುಭವಿಸಿದ್ದ 24 ದಿನಕ್ಕೆ ಇಳಿಸಿತು. 2015ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪದೆ ಆರು ತಿಂಗಳಿಗೆ ಏರಿಸಿತು. ಹಣ ಕೊಟ್ಟ ಮಾತ್ರಕ್ಕೆ ಶಿಕ್ಷೆ ಕರಗಬಾರದು ಅನ್ನುವ ಆ ನಿಲುವು ನನಗೆ ಸರಿ ಅನ್ನಿಸುತ್ತದೆ.

ಆದರೆ ಆ ಐದು ವರ್ಷದ ಮಿತಿಯೊಳಗೆ ನ್ಯಾಯಾಧೀಶರು ತೂಗಬೇಕಾದ್ದು ಬಹಳ ಇದೆ. ಹೋಲ್ಡರ್‌ನಲ್ಲಿದ್ದ ಮ್ಯಾಪಿನ ಕಡೆ ಒಮ್ಮೆ ಕಣ್ಣು ಹಾಯಿಸಿದವನು ಬೇರೆ. ಮಂಜಿನಲ್ಲಿ ರೀಲ್ಸ್ ಮಾಡಲು ಒಂದು ಕೈಯಲ್ಲಿ ಫೋನ್ ಹಿಡಿದು ಓಡಿಸಿದವನು ಬೇರೆ. ಮೊದಲನೆಯದು ಮೈಮರೆವು. ಎರಡನೆಯವನು ಅಪಾಯ ಗೊತ್ತಿದ್ದೂ ಅದನ್ನೇ ಆರಿಸಿಕೊಂಡಿದ್ದಾನೆ. ಬ್ರಿಟನ್ನಿನಲ್ಲಿ ಅಜಾಗರೂಕ ಚಾಲನೆಯಿಂದಾದ ಸಾವು, ಅಪಾಯಕಾರಿ ಚಾಲನೆಯಿಂದಾದ ಸಾವು ಎರಡೂ ಬೇರೆ ಬೇರೆ ಅಪರಾಧ. ಮೊದಲನೆಯದಕ್ಕೆ ಐದು ವರ್ಷದ ಮಿತಿ ಇದೆ. ಎರಡನೆಯದಕ್ಕೆ 2022ರಿಂದ ಜೀವಾವಧಿವರೆಗೂ ಕೊಡಬಹುದು. ನಮ್ಮ 106(1)ರಲ್ಲಿ ಇವೆರಡೂ ಒಂದೇ ಚೀಲದಲ್ಲಿವೆ.

ಇನ್ನೊಂದು ವ್ಯತ್ಯಾಸ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಗುದ್ದಿದ ಮೇಲೆ ನಿಂತನೋ, ಓಡಿಹೋದನೋ? ಗುದ್ದುವುದು ಕೈ ಮೀರಿ ಆಗಬಹುದು. ಓಡುವುದು ಆಗುವುದಲ್ಲ, ಮಾಡುವುದು. ಕೊಡಗಿನಲ್ಲಿ ಅದರ ಅರ್ಥ ಇನ್ನೂ ಭೀಕರ. ಬರೆಯ ಕೆಳಗಿನ ಚರಂಡಿಗೋ, ರಸ್ತೆ ಪಕ್ಕದ ಕಾಫಿ ಗಿಡಗಳ ಮಧ್ಯಕ್ಕೋ ಎಸೆಯಲ್ಪಟ್ಟವನು ಹಿಂದೆ ಬರುವ ಗಾಡಿಗಳಿಗೆ ಕಾಣುವುದಿಲ್ಲ. ಮಂಜಿದ್ದರೆ ಮುಗಿದೇ ಹೋಯಿತು. ಅವನು ಅಲ್ಲಿ ಬಿದ್ದಿದ್ದಾನೆ ಅಂತ ಗೊತ್ತಿರುವ ಒಬ್ಬನೇ ಮನುಷ್ಯ ಗುದ್ದಿದವನು. ತಲೆಗೆ ಜೋರು ಪೆಟ್ಟಾದವರನ್ನು ಮಡಿಕೇರಿಯಿಂದ ಎಷ್ಟೋ ಸಲ ಮೈಸೂರಿಗೋ ಮಂಗಳೂರಿಗೋ ಸಾಗಿಸಬೇಕು. ಮೈಸೂರೇ ಸುಮಾರು 120 ಕಿ.ಮೀ. ದೂರ. ಗಾಯವಾದ ಮೊದಲ ಒಂದು ಗಂಟೆಯನ್ನು ಮೋಟಾರು ವಾಹನ ಕಾಯ್ದೆ 'ಗೋಲ್ಡನ್ ಅವರ್' ಅನ್ನುತ್ತದೆ. ನಮಗೆ ಆ ಗಂಟೆ ದಾರಿಯಲ್ಲೇ ಕಳೆದುಹೋಗುತ್ತದೆ. ಅದರಲ್ಲಿ ಹತ್ತು ನಿಮಿಷ ಚಾಲಕನ ಹೇಡಿತನಕ್ಕೆ ಹೋದರೆ ಉಳಿಯುವುದೇನು?

ಹೊಸ ಸಂಹಿತೆಯ 106(2) ಇದನ್ನೇ ಹಿಡಿಯಲು ಹೊರಟಿತ್ತು. ಸಾವಿಗೆ ಕಾರಣನಾಗಿ, ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಪರಾರಿಯಾದರೆ ಹತ್ತು ವರ್ಷದವರೆಗೆ ಜೈಲು. 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದ ಹಲವು ಕಡೆ ಗಾಡಿ ನಿಲ್ಲಿಸಿದರು. ಜುಲೈನಲ್ಲಿ ಸಂಹಿತೆಯ ಉಳಿದ ಭಾಗ ಜಾರಿಗೆ ಬಂದಾಗ ಈ ಉಪಸೆಕ್ಷನ್ ಹೊರಗೇ ಉಳಿಯಿತು. ಚಾಲಕರ ಭಯ ಸುಳ್ಳಲ್ಲ. ಅಪಘಾತದ ಜಾಗದಲ್ಲಿ ನಿಂತರೆ ಜನ ಹೊಡೆಯುತ್ತಾರೆ ಅನ್ನುವುದನ್ನು ನಾವೆಲ್ಲ ನೋಡಿದ್ದೇವೆ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಈ ಭಯವನ್ನು ಮೊದಲೇ ಒಪ್ಪಿಕೊಂಡಿದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸು, ಜನರ ಸಿಟ್ಟಿನಿಂದ ಅದು ಆಗದಿದ್ದರೆ ಬಿಡು, ಆದರೆ ಆದಷ್ಟು ಬೇಗ ಹತ್ತಿರದ ಠಾಣೆಗೆ ತಿಳಿಸು, 24 ಗಂಟೆ ಮೀರಬೇಡ ಅನ್ನುತ್ತದೆ. ಅಂದರೆ ಜಾಗ ಬಿಡುವುದಕ್ಕೆ ಕಾರಣ ಇರಬಹುದು, ಬಾಯಿ ಮುಚ್ಚಿಕೊಳ್ಳುವುದಕ್ಕೆ ಇಲ್ಲ. ಮೈಲಿ ಮುಂದೆ ಹೋಗಿ 112ಕ್ಕೆ ಒಂದು ಕರೆ ಮಾಡಲು ಯಾರ ಹೊಡೆತದ ಭಯ?

ನಿಲ್ಲಿಸಿ ಸಹಾಯ ಮಾಡಲು ಹಿಂಜರಿಯುವ ದಾರಿಹೋಕರಿಗೂ ಒಂದು ಮಾತು. ಗಾಯಾಳುವಿಗೆ ನೆರವಾದವರನ್ನು ಸಾಕ್ಷಿ ಹೇಳು ಅಂತ ಬಲವಂತ ಮಾಡುವಂತಿಲ್ಲ, ಹೆಸರು ಕೇಳಿ ಪೀಡಿಸುವಂತಿಲ್ಲ. ಕೇಂದ್ರದ ಕಾಯ್ದೆಯ 134ಎ ಇದೆ. ಕರ್ನಾಟಕ ಅದಕ್ಕೂ ಮೊದಲೇ, 2016ರಲ್ಲಿ, ತನ್ನದೇ ಕಾಯ್ದೆ ಮಾಡಿಕೊಂಡಿತ್ತು. ಚಿಕಿತ್ಸೆಯ ಖರ್ಚಿಗೆ 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಯೋಜನೆ ಇದೆ. ಒಬ್ಬರಿಗೆ ಒಂದೂವರೆ ಲಕ್ಷದವರೆಗೆ, ಏಳು ದಿನದ ಮಟ್ಟಿಗೆ.

ಅಪಘಾತಕ್ಕೆ ಮುಂಚೆ ಬೀಳಬೇಕಾದ ಶಿಕ್ಷೆ ಯಾವುದು ಹಾಗಾದರೆ? ದಂಡ ಸಾಲದು. 2023ರ ಫೆಬ್ರುವರಿಯಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ನಮ್ಮ ರಾಜ್ಯ ಅರ್ಧದಷ್ಟು ರಿಯಾಯಿತಿ ಕೊಟ್ಟಿತು, 2025ರಲ್ಲೂ ಮತ್ತೆ ಕೊಟ್ಟಿತು. ಬೊಕ್ಕಸಕ್ಕೆ ಹಣ ಬಂದಿರಬಹುದು. ಆದರೆ ಕಾದು ಕೂತರೆ ಅರ್ಧಕ್ಕೆ ಮುಗಿಯುವ ದಂಡ ಯಾರ ಕೈಯನ್ನೂ ಫೋನಿನಿಂದ ತಡೆಯುವುದಿಲ್ಲ.

ತಡೆಯುವುದು ಲೈಸೆನ್ಸ್ ಹೋಗುವ ಭಯ. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 184ರ ತಪ್ಪು ಮಾಡಿದವನ ಲೈಸೆನ್ಸನ್ನು ಪೊಲೀಸರು ವಶಕ್ಕೆ ಪಡೆದು ಆರ್‌ಟಿಒಗೆ ಕಳಿಸಬೇಕು ಅಂತ ಅದೇ ಕಾಯ್ದೆಯ 206(4)ರಲ್ಲಿದೆ. ಚಾಲಕನ ಮಾತು ಕೇಳಿ, ಮೊದಲ ಸಲಕ್ಕೆ ಮೂರು ತಿಂಗಳು ಅಮಾನತು ಮಾಡಲು, ಎರಡನೇ ಸಲಕ್ಕೆ ರದ್ದೇ ಮಾಡಲು 19ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಸಮುದಾಯ ಸೇವೆ ಮಾಡಿಸುವ ಅವಕಾಶವೂ ಕಾಯ್ದೆಯ 200ನೇ ಸೆಕ್ಷನ್‌ನಲ್ಲಿ ರಾಜ್ಯಕ್ಕೆ ಇದೆ. ನನ್ನನ್ನು ಬೀಳಿಸಿದ ಹುಡುಗನಿಗೆ ನಾನು ಬಯಸುವುದು ಇದನ್ನೇ. ಜೈಲಲ್ಲ. ಮೂರು ತಿಂಗಳು ಸ್ಟೀರಿಂಗ್ ಮುಟ್ಟದಿರುವುದು, ಮತ್ತೆ ತರಬೇತಿ. ಅವತ್ತು ನಾನು ಅವನನ್ನು ಸುಮ್ನೆ ಕಳಿಸಿದ್ದು ದೊಡ್ಡ ಮನಸ್ಸು ಅಂತ ಆಗ ಅನ್ನಿಸಿತ್ತು. ಈಗ ತಪ್ಪು ಅನ್ನಿಸುತ್ತದೆ. ಅವನ ಎದುರಿಗೆ ಮುಂದಿನ ಸಲ ಬರುವವರು ಯಾರೋ, ಅವರ ಪರವಾಗಿ ಕ್ಷಮಿಸುವ ಹಕ್ಕು ನನಗಿರಲಿಲ್ಲ.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದವರಿಗೆ ಮೂರು ತಿಂಗಳು ಲೈಸೆನ್ಸ್ ಹೋದರೆ ತೊಂದರೆ, ಅಷ್ಟೇ. ತೋಟಕ್ಕೆ ಕೆಲಸದವರನ್ನು ಸಾಗಿಸುವ ಪಿಕಪ್ ಚಾಲಕನಿಗೆ ಅದು ಮೂರು ತಿಂಗಳ ಅನ್ನ. ಒಂದೇ ಶಿಕ್ಷೆ ಇಬ್ಬರಿಗೂ ಒಂದೇ ತೂಕವಲ್ಲ. ಅದರ ಮೇಲೆ, ಆ ಪಿಕಪ್ ಚಾಲಕನಿಗೆ ಫೋನ್ ಮಾಡುವವರು ಯಾರು? 'ಎಲ್ಲಿದ್ದೀಯಾ, ಆಳು ಇನ್ನೂ ಬಂದಿಲ್ಲ' ಅಂತ ಕೇಳುವ ರೈಟರ್, ಅಂದರೆ ತೋಟದ ಗುಮಾಸ್ತ. 'ಗೆಸ್ಟ್ ಕಾಯ್ತಿದಾರೆ' ಅನ್ನುವ ರೆಸಾರ್ಟ್ ಮ್ಯಾನೇಜರ್. ಕರೆ ಎತ್ತದಿದ್ದರೆ ಬೈಗುಳ, ಎತ್ತಿದರೆ ಕೇಸು. ಕರೆ ಮಾಡಿದವರ ಹೆಸರು ಎಫ್‌ಐಆರ್‌ನಲ್ಲಿ ಬರುವುದಿಲ್ಲ. ಚಾಲಕನಿಗೆ ವಿನಾಯಿತಿ ಕೊಡಿ ಅಂತ ನಾನು ಹೇಳಲಾರೆ. ಅವನ ಹಿಂದೆ ಹತ್ತು ಹನ್ನೆರಡು ಜೀವ ಕೂತಿರುತ್ತವೆ. ಆದರೆ ಗಾಡಿ ಓಡುವ ಹೊತ್ತಿನಲ್ಲಿ ಚಾಲಕನಿಗೆ ಕರೆ ಮಾಡುವುದಿಲ್ಲ ಅಂತ ತೋಟದ ಮಾಲೀಕರೂ ರೆಸಾರ್ಟಿನವರೂ ನಿಯಮ ಮಾಡಿಕೊಳ್ಳಬೇಕು. ಹೋಂಸ್ಟೇಯವರು ಲೊಕೇಶನ್ ಜೊತೆಗೆ ದಾರಿಯ ಗುರುತುಗಳನ್ನೂ ಹಿಂದಿನ ದಿನವೇ ಬರೆದು ಕಳಿಸಿದರೆ ಅರ್ಧ ಗಲಿಬಿಲಿ ತಪ್ಪುತ್ತದೆ.

ಸೈಕಲ್ ಸವಾರರ ಕಡೆಯಿಂದ ಆಗಬೇಕಾದ್ದೂ ಇದೆ. ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್, ತಿಳಿ ಬಣ್ಣದ ಬಟ್ಟೆ. ಕೂಲಿ ಮಾಡುವವರ ಸೈಕಲ್ಲಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸುವ ಕೆಲಸವನ್ನು ಪಂಚಾಯಿತಿಗಳೇ ಸಂತೆ ದಿನ ಮಾಡಬಹುದು. ದೊಡ್ಡ ಖರ್ಚೇನೂ ಅಲ್ಲ.

ಇನ್ನು ಪುರಾವೆಯ ಮಾತು. ನಮ್ಮ ಠಾಣೆಗಳ ದೂರುಗಳಲ್ಲಿ ಒಂದು ಸಾಲು ಅಚ್ಚು ಹಾಕಿದಂತೆ ಬರುತ್ತದೆ: 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು'. ಯಾವ ಅಜಾಗರೂಕತೆ ಅಂತ ಅದು ಹೇಳುವುದಿಲ್ಲ. ದೇಶದ 2022ರ ಲೆಕ್ಕದಲ್ಲಿ 1,68,491 ಜನ ರಸ್ತೆಯಲ್ಲಿ ಸತ್ತರು. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಾವಿಗೆ ಅತಿವೇಗ ಕಾರಣ ಅಂತ ಬರೆದಿದ್ದಾರೆ. ಮೊಬೈಲ್ ಬಳಕೆಯ ಪಾಲು ನೂರಕ್ಕೆ ಎರಡರ ಆಸುಪಾಸು ಮಾತ್ರ. ಪ್ರತಿ ಬಸ್ಸಿನ ಕಿಟಕಿಯಿಂದ ಕಾಣುವ ದೃಶ್ಯಕ್ಕೂ ಈ ಅಂಕಿಗೂ ತಾಳೆಯಾಗುವುದಿಲ್ಲ. ನನ್ನ ಪ್ರಕಾರ, ಚಾಲಕ ತಾನಾಗಿ ಒಪ್ಪಿಕೊಳ್ಳದಿದ್ದರೆ ಯಾರೂ ಫೋನ್ ಹುಡುಕುವುದಿಲ್ಲ. ಮಹಜರಿನಲ್ಲಿ ಟೈರಿನ ಗುರುತು ಬರುತ್ತದೆ, ಒಡೆದ ಗಾಜು ಬರುತ್ತದೆ. ಫೋನ್ ಚಾಲಕನ ಜೇಬಿನಲ್ಲೇ ಉಳಿಯುತ್ತದೆ.

ಇದರ ಫಲ ಕೋರ್ಟಿನಲ್ಲಿ ಕಾಣುತ್ತದೆ. 106(1) ಜಾಮೀನು ಸಿಗುವ ಸೆಕ್ಷನ್. ಕೇಸು ವರ್ಷಗಟ್ಟಲೆ ಎಳೆಯುತ್ತದೆ. ಪರಿಹಾರ ಬೇರೆ ಕಡೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಸಿಗುತ್ತದೆ. ಅದನ್ನು ಸಾಮಾನ್ಯವಾಗಿ ಇನ್ಶೂರೆನ್ಸ್ ಕಂಪನಿ ಕೊಡುತ್ತದೆ, ಚಾಲಕನ ಜೇಬಿನಿಂದ ಹೋಗುವುದಿಲ್ಲ. ಹಣ ಬಂದ ಮೇಲೆ ಸಾಕ್ಷಿಗಳಿಗೆ ಕೋರ್ಟಿಗೆ ಅಲೆಯುವ ಉತ್ಸಾಹ ಉಳಿಯುವುದಿಲ್ಲ. 'ಅತಿವೇಗ' ಅಂದರೆ ಎಷ್ಟು ವೇಗ ಅಂತ ವಕೀಲರು ಕೇಳಿದಾಗ ಉತ್ತರ ಇರುವುದಿಲ್ಲ. ಅದೇ ಜಾಗದಲ್ಲಿ, ಬೆಳಿಗ್ಗೆ 8 ಗಂಟೆ 12 ನಿಮಿಷಕ್ಕೆ ಈ ನಂಬರಿನಲ್ಲಿ ಕರೆ ನಡೆಯುತ್ತಿತ್ತು ಅನ್ನುವ ಕಂಪನಿಯ ದಾಖಲೆ ಇದ್ದರೆ ಕೇಸಿನ ಬಣ್ಣವೇ ಬೇರೆ.

ಹಾಗಾಗಿ ಸೈಕಲ್ ಸವಾರನಿಗೋ ಪಾದಚಾರಿಗೋ ಗಾಡಿ ಗುದ್ದಿದಾಗ ಮನೆಯವರು ಮೊದಲ ದಿನವೇ ಮಾಡಬಹುದಾದ ಕೆಲಸ ಒಂದಿದೆ. ಚಾಲಕ ಫೋನ್ ಬಳಸುತ್ತಿದ್ದನೇ ಅಂತ ತನಿಖೆ ಆಗಲಿ ಅಂತ ದೂರಿನಲ್ಲೇ ಬರೆಸಿ. ಅಪಘಾತವಾದ ಹೊತ್ತನ್ನು ನಿಮಿಷದ ಮಟ್ಟಿಗೆ ಹಿಡಿದಿಡಿ. 108ಕ್ಕೋ 112ಕ್ಕೋ ಮೊದಲ ಕರೆ ಹೋದ ಸಮಯ ನಿಮ್ಮ ಫೋನಿನಲ್ಲೇ ಇರುತ್ತದೆ. ಚಾಲಕನ ಕರೆ ದಾಖಲೆ ತರಿಸುವ ಅಧಿಕಾರ ಪೊಲೀಸರಿಗಿದೆ. ವಾಟ್ಸ್ಆ್ಯಪ್ ಮಾತು ಮಾಮೂಲಿ ಕರೆಗಳ ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಆ ಹೊತ್ತಿಗೆ ಡೇಟಾ ಓಡಿತ್ತೇ ಅನ್ನುವ ದಾಖಲೆ ಬೇರೆ ಇರುತ್ತದೆ. ಅದನ್ನೂ ಕೇಳಿ ಅಂತ ಬರೆಯಿರಿ. ಹಿಂದೆ ಬರುತ್ತಿದ್ದ ಗಾಡಿಗಳಲ್ಲಿ ಡ್ಯಾಶ್‌ಕ್ಯಾಮ್ ಇತ್ತೇ, ಹತ್ತಿರದ ಅಂಗಡಿ, ಪೆಟ್ರೋಲ್ ಬಂಕಿನಲ್ಲಿ ಕ್ಯಾಮೆರಾ ಇದೆಯೇ ಅಂತ ಆ ವಾರವೇ ವಿಚಾರಿಸಿ. ಅವು ಬೇಗ ಅಳಿಸಿಹೋಗುತ್ತವೆ. ಮೊಬೈಲ್ ಕಂಪನಿಗಳು ಕರೆ ಮತ್ತು ಡೇಟಾ ದಾಖಲೆಗಳನ್ನು ಎರಡು ವರ್ಷವಾದರೂ ಇಟ್ಟುಕೊಳ್ಳಬೇಕು ಅಂತ 2021ರ ಡಿಸೆಂಬರ್‌ನಿಂದ ನಿಯಮ ಇದೆ. ಮೊದಲ ದಿನದ ಗಾಬರಿಯಲ್ಲಿ ಬರೆಸಲು ಮರೆತವರು ಆಮೇಲೆ ತನಿಖಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು, ಅದಕ್ಕೆ ಸ್ವೀಕೃತಿ ಪಡೆದು ಇಟ್ಟುಕೊಳ್ಳಬಹುದು.